ಫಿಲ್ಟರ್ ಸರಿ ಇದೆ, ವಾಲ್ವ್ ನೋಡಿದಿರಾ?

ಹೋದ ತಿಂಗಳು ಗಡಸು ನೀರಿನ ಬಗ್ಗೆ ಬರೆದ ಮೇಲೆ ಪತ್ರಗಳು, ವಾಟ್ಸ್‌ಆ್ಯಪ್ ಮೆಸೇಜುಗಳು ಬರುತ್ತಲೇ ಇವೆ. ಓದುತ್ತಾ ಹೋದಂತೆ ಒಂದು ವಿಷಯ ಕಣ್ಣಿಗೆ ಬಿತ್ತು. ಸಾಫ್ಟ್‌ನರ್‌ನಲ್ಲಿ ನೀರನ್ನು ಮೆದು ಮಾಡುವ ರೆಸಿನ್ ಕಾಳು ಹಾಳಾಗಿದೆಯಾ, ಆರ್‌ಒ ಯಂತ್ರದಲ್ಲಿ ನೀರು ಸೋಸುವ ಮೆಂಬ್ರೇನ್ ಪೊರೆ ಹೋಗಿದೆಯಾ, ಫಿಲ್ಟರಿನ ಮರಳು ಬದಲಿಸಬೇಕಾ ಅಂತೆಲ್ಲ ಕೇಳಿದ್ದೀರಿ, ಆದರೆ ನೀವೇ ಬರೆದ ಲಕ್ಷಣಗಳನ್ನು ನೋಡಿದರೆ ಎಷ್ಟೋ ಕಡೆ ತೊಂದರೆ ಇರುವುದು ವಾಲ್ವ್‌ನಲ್ಲಿ. ಸಾವಿರಾರು ರೂಪಾಯಿ ಕೊಟ್ಟು ಮೆಂಬ್ರೇನ್ ಬದಲಿಸಿ, ಆಮೇಲೂ ನೀರು ಸರಿಹೋಗದೆ ಬೇಜಾರು ಮಾಡಿಕೊಂಡವರನ್ನು ನಾನು ತುಂಬಾ ನೋಡಿದ್ದೇನೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ವಾಲ್ವ್‌ಗೆ.

ಪ್ರಶ್ನೆ: ಮನೆಗೆ ಸ್ಯಾಂಡ್ ಫಿಲ್ಟರ್ ಹಾಕಿಸುತ್ತಿದ್ದೇವೆ. ಪ್ಲಂಬರ್ ಬಾಲ್ ವಾಲ್ವ್ ಸಾಕು ಅಂತಾರೆ, ಅಂಗಡಿಯವರು ಗೇಟ್ ವಾಲ್ವ್ ಗಟ್ಟಿ ಅಂತಾರೆ. ಯಾರ ಮಾತು ಕೇಳಲಿ? (ತುಮಕೂರು)

ಅಂಗಡಿಗೆ ಹೋಗುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ವಾಲ್ವ್ ನೀರನ್ನು ಪೂರ್ತಿ ಬಿಡುವುದಕ್ಕೆ, ಪೂರ್ತಿ ನಿಲ್ಲಿಸುವುದಕ್ಕೆ ಬೇಕಾ? ಇಲ್ಲ, ಇಷ್ಟೇ ಹೋಗಲಿ ಅಂತ ಅಳತೆ ಮಾಡಿ ಬಿಡುವುದಕ್ಕೆ ಬೇಕಾ? ಎರಡೂ ಬೇರೆ ಬೇರೆ ಕೆಲಸ. ನಮ್ಮ ಹಳೆ ಕೆರೆಗಳ ತೂಬು ನೆನಪಿಸಿಕೊಳ್ಳಿ. ಕಲ್ಲಿನ ತೂತಿಗೆ ಕೂರುವ ಒಂದು ಬೆಣೆ, ಅದಕ್ಕೊಂದು ಉದ್ದನೆಯ ಗಳ. ನೀರುಗಂಟಿ ಅದನ್ನು ಸ್ವಲ್ಪ ಎತ್ತಿದರೆ ಸ್ವಲ್ಪ ನೀರು, ಜಾಸ್ತಿ ಎತ್ತಿದರೆ ಜಾಸ್ತಿ ನೀರು. ಅದು ಅಳತೆಯ ವಾಲ್ವ್. ಇವತ್ತಿನ ಗ್ಲೋಬ್ ವಾಲ್ವ್, ನೀಡಲ್ ವಾಲ್ವ್ ಮಾಡುವುದೂ ಇದೇ ಕೆಲಸ.

ಗೇಟ್ ವಾಲ್ವ್ ಹಾಗಲ್ಲ. ಒಳಗೆ ಒಂದು ತಟ್ಟೆ, ಚಕ್ರ ತಿರುಗಿಸಿದರೆ ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ. ಪೂರ್ತಿ ತೆಗೆದರೆ ನೀರಿಗೆ ಏನೂ ಅಡ್ಡ ಇರುವುದಿಲ್ಲ, ಅದು ಅದರ ದೊಡ್ಡ ಗುಣ. ಅರ್ಧ ತೆಗೆದಿಟ್ಟರೆ ಮಾತ್ರ ತಟ್ಟೆ ಗಡಗಡ ಅಲ್ಲಾಡಿ ಕೆಳಗಿನ ಅಂಚು ಸವೆಯುತ್ತದೆ. ಇನ್ನೊಂದು ತೊಂದರೆ, ತಟ್ಟೆ ಕೂರುವ ತೋಡಿನಲ್ಲಿ ಮರಳು ಸೇರಿಕೊಳ್ಳುತ್ತದೆ. ಬೋರ್ ನೀರು, ಅದರಲ್ಲೂ ಮರಳಿನ ಫಿಲ್ಟರ್ ಅಂದಮೇಲೆ ಇದು ಆಗಿಯೇ ಆಗುತ್ತದೆ. ಆಮೇಲೆ ಎಷ್ಟು ಬಿಗಿ ಮಾಡಿದರೂ ನೀರು ಜಿನುಗುತ್ತಲೇ ಇರುತ್ತದೆ, ಇನ್ನಷ್ಟು ಬಿಗಿ ಮಾಡಲು ಹೋಗಿ ಸ್ಪಿಂಡಲ್, ಅಂದರೆ ಚಕ್ರದ ಕಡ್ಡಿ, ಮುರಿಯುತ್ತದೆ.

ಬಾಲ್ ವಾಲ್ವ್‌ನಲ್ಲಿ ತೂತು ಇರುವ ಒಂದು ಗುಂಡು, ಎರಡು ಕಡೆ ಟೆಫ್ಲಾನ್ ಬಳೆ. ಕಾಲು ಸುತ್ತು ತಿರುಗಿಸಿದರೆ ಮುಗಿಯಿತು. ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ತೆಗೆದಿದೆ, ಅಡ್ಡ ಇದ್ದರೆ ಮುಚ್ಚಿದೆ, ದೂರದಿಂದಲೇ ಗೊತ್ತಾಗುತ್ತದೆ. ಇದನ್ನೂ ಅರ್ಧ ತೆಗೆದಿಡಬಾರದು, ಸಂದಿಯಲ್ಲಿ ಜೋರಾಗಿ ನುಗ್ಗುವ ನೀರು ಟೆಫ್ಲಾನನ್ನು ಕೊರೆದುಬಿಡುತ್ತದೆ.

ಫಿಲ್ಟರ್‌ಗೆ ಬೇಕಾಗಿರುವುದು ಪೂರ್ತಿ ಬಿಡುವ, ಪೂರ್ತಿ ನಿಲ್ಲಿಸುವ ವಾಲ್ವ್, ಹಾಗಾಗಿ ನಿಮ್ಮ ಪ್ಲಂಬರ್ ಹೇಳಿದ್ದೇ ಸರಿ. ಮನೆಯ ಫಿಲ್ಟರ್‌ಗೆ, 50 ಮಿಲಿಮೀಟರ್ ಪೈಪಿನವರೆಗೆ, ಬಾಲ್ ವಾಲ್ವ್ ಹಾಕಿಸಿ. ಅದಕ್ಕಿಂತ ದೊಡ್ಡ ಪೈಪಿಗೆ, ಅಂದರೆ ಅಪಾರ್ಟ್‌ಮೆಂಟ್, ಹಾಸ್ಟೆಲ್, ಕಾರ್ಖಾನೆಗಳಲ್ಲಿ ಬಟರ್‌ಫ್ಲೈ ವಾಲ್ವ್ ಒಳ್ಳೆಯದು. ತೂಕ ಕಡಿಮೆ, ಜಾಗ ಕಡಿಮೆ ಹಿಡಿಯುತ್ತದೆ. ತೆಗೆದಾಗಲೂ ಅದರ ಬಿಲ್ಲೆ ನೀರಿನ ಮಧ್ಯದಲ್ಲೇ ನಿಂತಿರುತ್ತದೆ, ಅದೊಂದೇ ಕೊರತೆ.

ಒಂದು ಎಚ್ಚರಿಕೆ. ಕಾಲು ಸುತ್ತಿನ ವಾಲ್ವ್‌ಗಳನ್ನು ಫಟ್ ಅಂತ ಮುಚ್ಚಬೇಡಿ. ಉದ್ದನೆಯ ಕಬ್ಬಿಣದ ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಓಡುವ ನೀರನ್ನು ಒಮ್ಮೆಲೇ ನಿಲ್ಲಿಸಿದರೆ ಒತ್ತಡ ಒಂದೇ ಏಟಿಗೆ 10ರಿಂದ 12 ಬಾರ್ (1 ಬಾರ್ ಅಂದರೆ ಸುಮಾರು 10 ಮೀಟರ್ ಎತ್ತರದ ನೀರಿನ ಒತ್ತಡ) ಏರುತ್ತದೆ. ಪಿವಿಸಿ ಪೈಪ್ ಸ್ವಲ್ಪ ಹಿಗ್ಗುವುದರಿಂದ ಅಲ್ಲಿ ಸುಮಾರು ಮೂರನೇ ಒಂದು ಭಾಗ. ಗೋಡೆಯೊಳಗೆ ಧಡ್ ಅಂತ ಕೇಳಿಸುತ್ತದಲ್ವಾ, ಅದೇ ಇದು. ನಿಧಾನಕ್ಕೆ ಮುಚ್ಚಿ. ಇನ್ನು ತಿಂಗಳಿಗೊಮ್ಮೆ ಎಲ್ಲ ವಾಲ್ವ್‌ಗಳನ್ನೂ ಒಮ್ಮೆ ತಿರುಗಿಸಿ ಬಿಡಿ, ವರ್ಷಗಟ್ಟಲೆ ಮುಟ್ಟದ ವಾಲ್ವ್ ಬೇಕಾದ ದಿನ ತಿರುಗುವುದಿಲ್ಲ.

ಪ್ರಶ್ನೆ: ಅಪಾರ್ಟ್‌ಮೆಂಟಿನ ಸಾಫ್ಟ್‌ನರ್‌ಗೆ ತಪ್ಪದೆ ಉಪ್ಪು ಹಾಕಿ ರೀಜನರೇಶನ್ (ಉಪ್ಪುನೀರಿನಿಂದ ರೆಸಿನ್‌ಗೆ ಮತ್ತೆ ಶಕ್ತಿ ತುಂಬುವುದು) ಮಾಡುತ್ತೇವೆ. ಆದರೂ ನಲ್ಲಿಯ ಮೇಲೆ ಬಿಳಿ ಕಲೆ, ಸೋಪು ನೊರೆ ಬರುವುದಿಲ್ಲ. ರೆಸಿನ್ ಪೂರ್ತಿ ಬದಲಿಸಬೇಕು ಅಂತ ಸರ್ವಿಸ್‌ನವರು ದೊಡ್ಡ ಕೊಟೇಶನ್ ಕೊಟ್ಟಿದ್ದಾರೆ. (ಬೆಂಗಳೂರು, ವೈಟ್‌ಫೀಲ್ಡ್)

ದಯವಿಟ್ಟು ಇನ್ನೂ ಸಹಿ ಹಾಕಬೇಡಿ. ಮೊದಲು ಮೇಲೆ ಕೂತಿರುವ ಮಲ್ಟಿಪೋರ್ಟ್ ವಾಲ್ವ್ ನೋಡಿ.

ಈ ವಾಲ್ವ್ ಅಂದರೆ ಐದಾರು ವಾಲ್ವ್‌ಗಳ ಕೆಲಸವನ್ನು ಒಂದೇ ಹಿಡಿಯಲ್ಲಿ ಮಾಡುವ ಸಾಧನ. ಹಿಡಿಯನ್ನು ಸರ್ವಿಸ್‌ಗೆ ಇಟ್ಟರೆ ನೀರು ಮೇಲಿನಿಂದ ರೆಸಿನ್ ಮೂಲಕ ಇಳಿದು ಮನೆಗಳಿಗೆ ಹೋಗುತ್ತದೆ. ಬ್ಯಾಕ್‌ವಾಷ್‌ಗೆ ಇಟ್ಟರೆ ಅದೇ ನೀರು ಕೆಳಗಿನಿಂದ ಮೇಲಕ್ಕೆ ನುಗ್ಗಿ ಕೊಳೆಯನ್ನು ಚರಂಡಿಗೆ ತಳ್ಳುತ್ತದೆ. ಆಮೇಲೆ ಉಪ್ಪುನೀರು ಎಳೆಯುವ ಸ್ಥಾನ, ತೊಳೆಯುವ ಸ್ಥಾನ. ಇದೆಲ್ಲದರ ಮಧ್ಯೆ ನೀರು ಒಂದು ದಾರಿಯಿಂದ ಇನ್ನೊಂದು ದಾರಿಗೆ ಸೋರದಂತೆ ತಡೆಯುವುದು ಒಳಗಿರುವ ಒಂದು ರಬ್ಬರ್ ಗ್ಯಾಸ್ಕೆಟ್. ಬಂಡಿ ಚಕ್ರದ ಅರಗಳ ಹಾಗೆ ಇರುತ್ತದೆ. ಅದರ ಒಂದು ಅರ ಹರಿದರೂ ಸಾಕು, ಗಡಸು ನೀರು ರೆಸಿನ್ ಕಡೆ ಹೋಗದೆ ಅಡ್ಡದಾರಿಯಲ್ಲಿ ನೇರವಾಗಿ ಮೆದು ನೀರಿಗೆ ಸೇರಿಕೊಳ್ಳುತ್ತದೆ. ಆಗ ನೀವು ಮೂಟೆ ಮೂಟೆ ಉಪ್ಪು ಹಾಕಿದರೂ ಅಷ್ಟೇ.

ಪತ್ತೆ ಮಾಡುವುದು ಕಷ್ಟವಲ್ಲ. ಗಡಸುತನ ನೋಡುವ ಹಾರ್ಡ್‌ನೆಸ್ ಕಿಟ್ ನಿಮ್ಮ ಪ್ಲಾಂಟ್ ರೂಮಿನಲ್ಲೇ ಇರುತ್ತದೆ. ನೀರು ಗಡಸಾಗಿದ್ದರೆ ಅದರ ಇಂಡಿಕೇಟರ್ (ಬಣ್ಣ ಬದಲಿಸುವ ಮದ್ದು) ಹಾಕಿದ ಕೂಡಲೇ ದ್ರಾಕ್ಷಿ ರಸದ ಕೆಂಪು ಬರುತ್ತದೆ, ಮೆದುವಾಗಿದ್ದರೆ ನೇರವಾಗಿ ನೀಲಿ. ರೀಜನರೇಶನ್ ಮುಗಿಸಿ, ಚೆನ್ನಾಗಿ ತೊಳೆದು, ಸರ್ವಿಸ್‌ಗೆ ಹಾಕಿ ಹತ್ತು ನಿಮಿಷಕ್ಕೆ ಒಂದು ಪರೀಕ್ಷೆ ಮಾಡಿ. ಆಮೇಲೆ ಎರಡು ಗಂಟೆಗೊಮ್ಮೆ ಮಾಡಿ. ಶುರುವಿನಿಂದಲೇ ಗಡಸು ಇದೆ, ಹೆಚ್ಚೂಕಡಿಮೆ ಒಂದೇ ಮಟ್ಟದಲ್ಲಿ ಇದೆ ಅಂದರೆ ಗ್ಯಾಸ್ಕೆಟ್ ಮೇಲೆ ಮೊದಲ ಅನುಮಾನ. ಶುರುವಿನಲ್ಲಿ ಚೆಂದದ ನೀಲಿ ಬಂದು, ಮುಂಚಿಗಿಂತ ಬೇಗ ಕೆಂಪಿಗೆ ತಿರುಗಿದರೆ ಆಗ ರೆಸಿನ್ ಸುಸ್ತಾಗಿದೆ ಅಂತ ಯೋಚಿಸಬಹುದು. ಇನ್ನೊಂದು ಸುಳಿವು, ಸರ್ವಿಸ್‌ನಲ್ಲಿ ಇರುವಾಗ ಡ್ರೇನ್ ಪೈಪಿನ ಬಾಯಿ ನೋಡಿ. ಅಲ್ಲಿ ಒಂದು ಹನಿಯೂ ಬೀಳಬಾರದು.

ಉಪ್ಪಿನ ತೊಟ್ಟಿಯನ್ನೂ ನೋಡಿ. ಬ್ರೈನ್ ಸ್ಥಾನದಲ್ಲಿ, ಅಂದರೆ ಉಪ್ಪುನೀರು ಎಳೆಯುವ ಸ್ಥಾನದಲ್ಲಿ, ಹಿಡಿ ಇಟ್ಟಾಗ ತೊಟ್ಟಿಯ ಮಟ್ಟ ಇಳಿಯಬೇಕು. ಒಳಗೆ ಪೆನ್ಸಿಲ್ ಮೊನೆಯಷ್ಟು ಸಣ್ಣ ತೂತಿನ ಇಂಜೆಕ್ಟರ್ ಇರುತ್ತದೆ, ಅದರಲ್ಲಿ ಜೋರಾಗಿ ಓಡುವ ನೀರೇ ಉಪ್ಪುನೀರನ್ನು ಎಳೆದುಕೊಳ್ಳುತ್ತದೆ. ಕೊಳಕು ಉಪ್ಪಿನ ಕಸ ಅಲ್ಲಿ ಸಿಕ್ಕಿಕೊಂಡರೆ ಎಳೆತ ನಿಂತೇ ಹೋಗುತ್ತದೆ. ನಿಮ್ಮ ಆಪರೇಟರ್ ಪ್ರಾಮಾಣಿಕವಾಗಿ ಉಪ್ಪು ಹಾಕಿರುತ್ತಾರೆ, ಅದು ರೆಸಿನ್‌ಗೆ ಮುಟ್ಟಿಯೇ ಇರುವುದಿಲ್ಲ.

ಗ್ಯಾಸ್ಕೆಟ್ ಹರಿಯುವುದು ಯಾಕೆ ಗೊತ್ತಾ? ಪಂಪ್ ಓಡುತ್ತಿರುವಾಗಲೇ ಹಿಡಿ ತಿರುಗಿಸುವುದರಿಂದ. ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಂದು ವಸತಿ ಸಮುಚ್ಚಯದಲ್ಲಿ ಹೊಸ ಗ್ಯಾಸ್ಕೆಟ್ ಹಾಕಿ ಬಂದೆ, ಎರಡೇ ತಿಂಗಳಿಗೆ ಮತ್ತೆ ಕರೆ ಬಂತು. ಮುಚ್ಚಳ ಬಿಚ್ಚಿದರೆ ಎರಡು ಅರಗಳು ದಾರದ ಹಾಗೆ ಜೋತಾಡುತ್ತಿದ್ದವು. ಅಲ್ಲಿನ ಹುಡುಗನಿಗೆ ಪಂಪ್ ನಿಲ್ಲಿಸಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಹೇಳಿರಲಿಲ್ಲ. ಅವತ್ತಿನಿಂದ ವಾಲ್ವ್ ಪಕ್ಕದ ಗೋಡೆಯ ಮೇಲೆ ಬಣ್ಣದಲ್ಲಿ ಬರೆದೇ ಬರುತ್ತೇನೆ: ಮೊದಲು ಪಂಪ್ ಆಫ್, ಆಮೇಲೆ ಹಿಡಿ. ನೀವೂ ಬರೆಸಿ. ಗ್ಯಾಸ್ಕೆಟ್‌ನ ಬೆಲೆ ರೆಸಿನ್ ಕೊಟೇಶನ್‌ನ ಮುಂದೆ ಏನೇನೂ ಅಲ್ಲ.

ಪ್ರಶ್ನೆ: ಮನೆಯ ಆರ್‌ಒ ಯಂತ್ರದಲ್ಲಿ ಟ್ಯಾಂಕ್ ತುಂಬಿ ಲೈಟ್ ಆರಿದ ಮೇಲೂ ವೇಸ್ಟ್ ಪೈಪಿನಲ್ಲಿ ನೀರು ಹೋಗುತ್ತಲೇ ಇರುತ್ತದೆ. ಇದು ಸಹಜವಾ? (ಹುಬ್ಬಳ್ಳಿ)

ಸಹಜವಲ್ಲ. ಟ್ಯಾಂಕ್ ತುಂಬಿದ ಮೇಲೆ ಒಂದು ಹನಿಯೂ ಹೋಗಬಾರದು.

ಯಂತ್ರದ ಒಳಗೆ ಬೆಂಕಿಪೊಟ್ಟಣದಷ್ಟು ದೊಡ್ಡದಾದ ಸೊಲೆನಾಯ್ಡ್ ವಾಲ್ವ್ ಇರುತ್ತದೆ, ಎರಡು ವೈರ್ ಹೋಗಿರುತ್ತವೆ. ಕರೆಂಟ್ ಬಂದಾಗ ಒಳಗಿನ ಕಬ್ಬಿಣದ ಕಡ್ಡಿಯನ್ನು ಕಾಯಿಲ್ ಮೇಲಕ್ಕೆ ಎಳೆದು ನೀರಿಗೆ ದಾರಿ ಬಿಡುತ್ತದೆ, ಕರೆಂಟ್ ಹೋದ ಕೂಡಲೇ ಸ್ಪ್ರಿಂಗ್ ಅದನ್ನು ಕೂರಿಸುತ್ತದೆ. ಟಕ್ ಅನ್ನುವ ಸದ್ದು ಅದರದ್ದೇ. ಕಡ್ಡಿ ಒತ್ತಿ ಹಿಡಿಯುವ ರಬ್ಬರ್ ಪೊರೆಯ ಕೆಳಗೆ ಮರಳಿನ ಒಂದು ಕಣ ಸಿಕ್ಕಿಕೊಂಡರೂ ವಾಲ್ವ್ ಪೂರ್ತಿ ಕೂರುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು ವೇಸ್ಟ್ ಪೈಪನ್ನು ಒಂದು ಲೋಟದೊಳಗೆ ಇಡಿ. ಆಗಲೂ ನೀರು ಬರುತ್ತಿದ್ದರೆ ವಾಲ್ವ್ ಸೋರುತ್ತಿದೆ ಅಂತಲೇ ಅರ್ಥ. ನಿಮಿಷಕ್ಕೆ 100 ಮಿಲಿಲೀಟರ್ ಬಂದರೆ ದಿನಕ್ಕೆ 144 ಲೀಟರ್. ನೀರು ವಾರಕ್ಕೊಮ್ಮೆ ಬರುವ ಬಡಾವಣೆಗಳಲ್ಲಿ ಇಷ್ಟು ನೀರು ಸುಮ್ನೆ ಚರಂಡಿಗೆ ಹೋಗುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ವಾಲ್ವ್ ಬದಲಿಸುವಾಗ ಅದಕ್ಕಿಂತ ಮೊದಲು ಇರುವ, ಮಣ್ಣು ಮರಳು ತಡೆಯುವ ಸೆಡಿಮೆಂಟ್ ಫಿಲ್ಟರನ್ನೂ ಬದಲಿಸಿ, ಕಣ ಬಂದಿದ್ದು ಅಲ್ಲಿಂದಲೇ.

ವೇಸ್ಟ್ ಪೈಪಿನಲ್ಲಿ ಇರುವ ಸಣ್ಣ ಎಫ್‌ಆರ್ ತುಂಡನ್ನು, ಅಂದರೆ ಹರಿವು ತಡೆಯುವ ಕೊಳವೆಯನ್ನು, ಕೆಲವರು ಕಟ್ಟಿಕೊಂಡಿದೆ ಅಂತ ಕಿತ್ತು ಹಾಕುತ್ತಾರೆ. ಅದನ್ನು ಮಾತ್ರ ಮಾಡಬೇಡಿ. ಅದು ಒಡ್ಡುವ ತಡೆಯಿಂದಲೇ ಮೆಂಬ್ರೇನ್ ಒಳಗೆ ಒತ್ತಡ ನಿಲ್ಲುವುದು. ಕಟ್ಟಿಕೊಂಡಿದ್ದರೆ ಅದೇ ಅಳತೆಯ ಹೊಸದನ್ನು ಹಾಕಿಸಿ.

ಪ್ರಶ್ನೆ: ನಮ್ಮ ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕ ನೋಡಿಕೊಳ್ಳುತ್ತೇನೆ. ವೇಸ್ಟ್ ನೀರು ಜಾಸ್ತಿ ಹೋಗುತ್ತದೆ ಅಂತ ಊರವರದ್ದು ತಕರಾರು. ಆ ವೇಸ್ಟ್ ನೀರು ಬಿಡುವ ರಿಜೆಕ್ಟ್ ವಾಲ್ವ್ ಬಿಗಿ ಮಾಡಿದರೆ ಒಳ್ಳೆ ನೀರು ಜಾಸ್ತಿ ಬರುತ್ತದೆ, ಮಾಡಲಾ? (ಕೋಲಾರ ಜಿಲ್ಲೆ)

ಅಣ್ಣಾ, ನಿಮ್ಮ ಪತ್ರ ಓದಿ ಖುಷಿಯಾಯಿತು. ಕೇಳದೆ ಬಿಗಿ ಮಾಡಿದವರೇ ಜಾಸ್ತಿ.

ಲೆಕ್ಕ ನೋಡಿ. ಒಳಗೆ ಹೋದ ನೀರಿನಲ್ಲಿ ಅರ್ಧ ಶುದ್ಧವಾಗಿ, ಅರ್ಧ ರಿಜೆಕ್ಟ್ ಆಗಿ ಹೋದರೆ, ಒಳಗಿದ್ದ ಉಪ್ಪೆಲ್ಲ ಆ ಅರ್ಧ ರಿಜೆಕ್ಟ್‌ನಲ್ಲೇ ಸೇರಿಕೊಳ್ಳಬೇಕು. ಅಂದರೆ ಅದು ಎರಡು ಪಟ್ಟು ಸವಳಾಗುತ್ತದೆ. ಬೋರ್ ನೀರಿನ ಟಿಡಿಎಸ್ (ಒಂದು ಲೀಟರಿನಲ್ಲಿ ಕರಗಿರುವ ಲವಣ ಎಷ್ಟು ಮಿಲಿಗ್ರಾಂ ಅನ್ನುವ ಅಳತೆ) 1200 ಇದ್ದರೆ ರಿಜೆಕ್ಟ್ ಸುಮಾರು 2400. ನೀವು ವಾಲ್ವ್ ಬಿಗಿ ಮಾಡಿ ಮುಕ್ಕಾಲು ಭಾಗ ಶುದ್ಧ ನೀರು ತೆಗೆದರೆ ರಿಜೆಕ್ಟ್ ನಾಲ್ಕು ಪಟ್ಟು, ಅಂದರೆ 4800. ಇನ್ನೂ ಬಿಗಿ ಮಾಡಿ ನೂರಕ್ಕೆ ತೊಂಬತ್ತು ತೆಗೆದರೆ ಹತ್ತು ಪಟ್ಟು. ಈ ದಟ್ಟ ನೀರು ಮೆಂಬ್ರೇನ್ ಮೈಗೆ ಅಂಟಿಕೊಂಡೇ ಹರಿಯುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ ಅಲ್ಲೇ ಸುಣ್ಣವಾಗಿ ಕೂರುತ್ತದೆ. ಸ್ನಾನದ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರ ಇದೆಯಲ್ಲ, ಅದೇ. ಮೊದಲ ಒಂದೆರಡು ವಾರ ಊರವರು ಹೊಗಳುತ್ತಾರೆ, ಆಮೇಲೆ ನೀರು ಕಡಿಮೆಯಾಗುತ್ತದೆ, ಶುದ್ಧ ನೀರಿನ ಟಿಡಿಎಸ್ ಏರುತ್ತದೆ, ಕೊನೆಗೆ ಮೆಂಬ್ರೇನ್ ಹೋಯಿತು ಅಂತ ಘಟಕಕ್ಕೆ ಬೀಗ. ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಂಡು ಹೋಗುತ್ತಿದ್ದ ಅಜ್ಜಿ ಮತ್ತೆ ಬೋರ್ ನೀರಿಗೆ ಹೋಗಬೇಕು. ನಿಮ್ಮ ಕಡೆಯ ಬೋರ್‌ಗಳಲ್ಲಿ ಫ್ಲೋರೈಡ್ ಇರುವುದರಿಂದ ಇದು ಹಲ್ಲು, ಮೂಳೆಯ ಪ್ರಶ್ನೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ದಾರಿಯೇ ಇಲ್ಲದಿದ್ದರೆ 1.5. ಅದಕ್ಕಿಂತ ಜಾಸ್ತಿ ಇರಬಾರದು.

ಈಗ ನಿಮ್ಮ ರಿಜೆಕ್ಟ್ ಪೈಪಿನಲ್ಲಿ ಯಾವ ವಾಲ್ವ್ ಇದೆ ನೋಡಿ. ಅದು ಅಳತೆ ಮಾಡಿ ಬಿಡುವ ಜಾಗ. ಅಲ್ಲಿ ಸ್ಟೀಲ್‌ನ ನೀಡಲ್ ವಾಲ್ವ್ ಅಥವಾ ಗ್ಲೋಬ್ ವಾಲ್ವ್ ಇರಬೇಕು. ಎಷ್ಟೋ ಘಟಕಗಳಲ್ಲಿ ಹಳೆಯದು ಕೆಟ್ಟಾಗ ಕೈಗೆ ಸಿಕ್ಕ ಬಾಲ್ ವಾಲ್ವ್ ಹಾಕಿರುತ್ತಾರೆ. ಅದರ ಹಿಡಿಯನ್ನು ಒಂದು ಬೆರಳು ಸರಿಸಿದರೂ ಹರಿವು ದೊಡ್ಡದಾಗಿ ಬದಲಾಗುತ್ತದೆ, ಯಾರಾದರೂ ಕೈ ತಾಗಿಸಿದರೆ ಮುಗಿಯಿತು. ನೀಡಲ್ ವಾಲ್ವ್‌ನಲ್ಲಿ ಚೂಪಾದ ಕಡ್ಡಿಯೊಂದು ತೂತಿನೊಳಗೆ ಎಳೆ ಎಳೆಯಾಗಿ ಇಳಿಯುವುದರಿಂದ ಕೂದಲೆಳೆಯಷ್ಟು ಬದಲಾವಣೆಯೂ ಸಾಧ್ಯ.

ನೀವು ಮಾಡಬೇಕಾದ್ದು ಇಷ್ಟು. ಶುರು ಮಾಡುವಾಗ ರಿಜೆಕ್ಟ್ ವಾಲ್ವ್ ಪೂರ್ತಿ ತೆಗೆದು, ಆಮೇಲೆ ದೊಡ್ಡ ಪಂಪ್ ಹಾಕಿ, ಮೀಟರ್ ನೋಡುತ್ತಾ ನಿಧಾನಕ್ಕೆ ಬಿಗಿ ಮಾಡಿ, ಘಟಕ ಹಾಕಿದವರು ಕೊಟ್ಟ ಹರಿವಿಗೆ ನಿಲ್ಲಿಸಿ. ಪಂಪ್ ಓಡುವಾಗ ಅದನ್ನು ಯಾವತ್ತೂ ಪೂರ್ತಿ ಮುಚ್ಚಬೇಡಿ. ಎರಡು ರೋಟಾಮೀಟರ್‌ಗಳಲ್ಲಿ, ಅಂದರೆ ಶುದ್ಧ ನೀರು ಮತ್ತು ರಿಜೆಕ್ಟ್‌ನ ಹರಿವು ತೋರಿಸುವ ಮೀಟರ್‌ಗಳಲ್ಲಿ, ಬರುವ ಅಂಕಿಗಳನ್ನು ದಿನಾ ಒಂದು ಪುಸ್ತಕದಲ್ಲಿ ಬರೆದಿಡಿ. ಊರವರು ಕೇಳಿದರೆ ಆ ಪುಸ್ತಕ ತೋರಿಸಿ, ಈ ಲೆಕ್ಕ ಹೇಳಿ. ರಿಜೆಕ್ಟ್ ನೀರನ್ನು ಒಂದು ತೊಟ್ಟಿಗೆ ಹಿಡಿದರೆ ಶಾಲೆಯ ಶೌಚಾಲಯಕ್ಕೆ, ಟ್ರ್ಯಾಕ್ಟರ್ ತೊಳೆಯುವುದಕ್ಕೆ ಬರುತ್ತದೆ. ದನಗಳಿಗೆ ಕುಡಿಸಬೇಡಿ, ಬೋರ್‌ನಲ್ಲಿ ಫ್ಲೋರೈಡ್ 2 ಇದ್ದರೆ ಅದರಲ್ಲಿ ಸುಮಾರು 4 ಇರುತ್ತದೆ.

ಪ್ರಶ್ನೆ: ಎಸ್‌ಟಿಪಿಯಲ್ಲಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಹೈಪೋ ಡೋಸಿಂಗ್ ಲೈನ್‌ನ ಪಿವಿಸಿ ಬಾಲ್ ವಾಲ್ವ್ ಪದೇ ಪದೇ ಬಿರುಕು ಬಿಡುತ್ತದೆ. ಕಳಪೆ ಮಾಲು ಇರಬಹುದಾ? (ಮೈಸೂರು)

ಮಾಲು ಚೆನ್ನಾಗಿದ್ದರೂ ಬಿರುಕು ಬಿಡಬಹುದು. ದಯವಿಟ್ಟು ಇದನ್ನು ಇವತ್ತೇ ಸರಿ ಮಾಡಿಸಿ, ಇದು ಕಣ್ಣು ಕಳೆಯುವ ತೊಂದರೆ.

ಹೈಪೋ, ಅಂದರೆ ಕ್ರಿಮಿ ಕೊಲ್ಲಲು ನೀರಿಗೆ ಬಿಡುವ ಸೋಡಿಯಂ ಹೈಪೋಕ್ಲೋರೈಟ್, ಸುಮ್ಮನೆ ಇಟ್ಟರೂ ನಿಧಾನಕ್ಕೆ ಒಡೆಯುತ್ತಾ ಆಮ್ಲಜನಕದ ಅನಿಲ ಬಿಡುತ್ತದೆ. ಬಿಸಿಲಿಗೆ ಇನ್ನೂ ಬೇಗ. ಬಾಲ್ ವಾಲ್ವ್ ಮುಚ್ಚಿದಾಗ ಗುಂಡಿನ ತೂತಿನಲ್ಲಿ ಒಂದು ಗುಟುಕು ಹೈಪೋ ಎರಡೂ ಕಡೆಯಿಂದ ಬಂದ್ ಆಗಿ ಉಳಿಯುತ್ತದೆ. ಅನಿಲ ಹುಟ್ಟುತ್ತಲೇ ಇರುತ್ತದೆ, ಹೋಗಲು ದಾರಿ ಇಲ್ಲ. ಒಂದು ಶನಿವಾರ ನಾನೇ ಲೈನ್ ಮುಚ್ಚಿ ಬಂದಿದ್ದೆ. ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ ವಾಲ್ವ್ ಉದ್ದಕ್ಕೂ ಸೀಳಿತ್ತು, ಎದುರಿನ ಗೋಡೆಯ ಬಣ್ಣದ ಮೇಲೆ ಬಿಳಿ ಚುಕ್ಕೆಗಳು. ಆ ಹೊತ್ತಿನಲ್ಲಿ ಅಲ್ಲಿ ಯಾರೂ ಇರಲಿಲ್ಲ ಅನ್ನುವುದೇ ಪುಣ್ಯ.

ಇದಕ್ಕೆ ಅಂತಲೇ ವೆಂಟೆಡ್ ಬಾಲ್ ವಾಲ್ವ್ ಸಿಗುತ್ತದೆ. ಗುಂಡಿನ ಒಂದು ಪಕ್ಕದಲ್ಲಿ ಸಣ್ಣ ತೂತು ಕೊರೆದಿರುತ್ತಾರೆ, ಮುಚ್ಚಿದಾಗ ಅನಿಲ ಆ ತೂತಿನಿಂದ ಟ್ಯಾಂಕ್ ಕಡೆಗೆ ವಾಪಸ್ ಹೋಗುತ್ತದೆ. ಹಾಗಾಗಿ ಅದಕ್ಕೆ ದಿಕ್ಕು ಇದೆ, ಮೈಮೇಲಿನ ಬಾಣ ನೋಡಿಯೇ ಕೂರಿಸಬೇಕು. ಇಲ್ಲವೇ ಡಯಾಫ್ರಾಮ್ ವಾಲ್ವ್ ಹಾಕಿಸಿ. ಅದರಲ್ಲಿ ಮೇಲಿನಿಂದ ಒಂದು ರಬ್ಬರ್ ಪೊರೆ ಒತ್ತಿ ದಾರಿ ಮುಚ್ಚುತ್ತದೆ, ನೀರು ಸಿಕ್ಕಿಕೊಳ್ಳುವ ಪೊಟರೆಯೇ ಇಲ್ಲ. ಹಿತ್ತಾಳೆ ವಾಲ್ವ್ ಮಾತ್ರ ಬೇಡ, ಹೈಪೋ ಅದನ್ನು ತಿಂದು ಹಾಕುತ್ತದೆ. ಬಿಚ್ಚುವಾಗ ಕನ್ನಡಕ, ಗ್ಲೌಸ್ ಹಾಕಿಕೊಳ್ಳಿ. ಹೈಪೋ ಇದ್ದ ಪೈಪಿಗೆ ಯಾವ ಆಸಿಡ್ಡೂ ಸೋಕಬಾರದು, ಕ್ಲೋರಿನ್ ಅನಿಲ ಏಳುತ್ತದೆ.

ಪ್ರಶ್ನೆ: ಎನ್‌ಆರ್‌ವಿ (ನೀರು ವಾಪಸ್ ಬರದಂತೆ ತಡೆಯುವ ವಾಲ್ವ್) ಅಡ್ಡ ಹಾಕಬೇಕಾ, ನಿಲ್ಲಿಸಿ ಹಾಕಬೇಕಾ? (ಶಿವಮೊಗ್ಗ)

ಒಳಗೆ ಬಾಗಿಲಿನಂತೆ ತೂಗುವ ತಟ್ಟೆ ಇರುವ ಸ್ವಿಂಗ್ ಮಾದರಿಯನ್ನು ಅಡ್ಡ ಪೈಪಿನಲ್ಲಿ ಹಾಕಬಹುದು, ನಿಂತ ಪೈಪಿನಲ್ಲಾದರೆ ನೀರು ಕೆಳಗಿನಿಂದ ಮೇಲೆ ಹೋಗುವ ಕಡೆ ಮಾತ್ರ. ಸ್ಪ್ರಿಂಗ್ ಮಾದರಿ ಹೇಗೆ ಇಟ್ಟರೂ ನಡೆಯುತ್ತದೆ. ಎರಡರಲ್ಲೂ ಬಾಣದ ಗುರುತು ನೀರು ಹೋಗುವ ದಿಕ್ಕಿಗೆ ಇರಲಿ.

ಪ್ರಶ್ನೆ: ಫಿಲ್ಟರ್ ಪಾತ್ರೆಯ ನೆತ್ತಿಯ ಮೇಲೆ ಒಂದು ಸಣ್ಣ ವಾಲ್ವ್ ಇದೆ, ಯಾರೂ ಮುಟ್ಟುವುದಿಲ್ಲ. ಯಾಕೆ ಕೊಟ್ಟಿದ್ದಾರೆ? (ಹಾಸನ)

ಗಾಳಿ ಬಿಡಲು. ಪಂಪ್ ಶುರು ಮಾಡುವಾಗ ಅದನ್ನು ತೆಗೆದಿಡಿ, ಮೊದಲು ಬುಸ್ ಅಂತ ಗಾಳಿ, ಆಮೇಲೆ ಉಗುಳುತ್ತಾ ನೀರು, ಕೊನೆಗೆ ಒಂದೇ ಸಮ ನೀರು ಬರುತ್ತದೆ. ಆಗ ಮುಚ್ಚಿ. ಗಾಳಿ ಒಳಗೇ ಉಳಿದರೆ ಮರಳಿನ ಹಾಸು ಕದಡುತ್ತದೆ, ನೀರು ಒಂದೇ ಕಡೆ ತೂತು ಮಾಡಿಕೊಂಡು ಸೋಸದೆ ಇಳಿಯುತ್ತದೆ.

ಪ್ರಶ್ನೆ: ಡಿಪ್ಲೊಮಾ ಓದುತ್ತಿದ್ದೇನೆ. ಕಾಲೇಜಿನಿಂದ ಒಂದು ದೊಡ್ಡ ನೀರು ಸರಬರಾಜು ಘಟಕಕ್ಕೆ ಹೋಗಿದ್ದೆವು. ಆಳೆತ್ತರದ ವಾಲ್ವ್‌ನ ಪಕ್ಕಕ್ಕೆ ಅಂಟಿಕೊಂಡಂತೆ ಒಂದು ಪುಟ್ಟ ಪೈಪ್, ಅದಕ್ಕೊಂದು ಪುಟ್ಟ ವಾಲ್ವ್ ಇತ್ತು. ಅದು ಯಾಕೆ? (ಮಂಡ್ಯ)

ಎಷ್ಟು ಒಳ್ಳೆ ಕಣ್ಣು ನಿಮ್ಮದು! ತುಂಬಾ ಜನ ದೊಡ್ಡದನ್ನು ನೋಡಿ ಬಂದುಬಿಡುತ್ತಾರೆ.

ನೀವು ನೋಡಿದ್ದು ಸ್ಲೂಯಿಸ್ ವಾಲ್ವ್, ಅಂದರೆ ಗೇಟ್ ವಾಲ್ವ್‌ನ ದೊಡ್ಡ ರೂಪ. ಪುಟ್ಟದು ಅದರ ಬೈಪಾಸ್. 600 ಮಿಲಿಮೀಟರ್ ವ್ಯಾಸದ ವಾಲ್ವ್ ಮುಚ್ಚಿದೆ, ಒಂದು ಕಡೆ 10 ಬಾರ್ ಒತ್ತಡ ಇದೆ, ಇನ್ನೊಂದು ಕಡೆ ಖಾಲಿ ಅಂದುಕೊಳ್ಳಿ. ತಟ್ಟೆಯ ವಿಸ್ತೀರ್ಣ ಸುಮಾರು 0.28 ಚದರ ಮೀಟರ್. ಅದರ ಮೇಲೆ ಬೀಳುವ ಭಾರ ಲೆಕ್ಕ ಹಾಕಿದರೆ 28 ಟನ್ ದಾಟುತ್ತದೆ. ಅಷ್ಟು ಭಾರದಲ್ಲಿ ತಟ್ಟೆ ತನ್ನ ತೋಡಿಗೆ ಒತ್ತಿಕೊಂಡು ನಿಂತಿರುತ್ತದೆ. ಅದನ್ನು ಹಾಗೇ ಎಳೆದರೆ ಸ್ಪಿಂಡಲ್ ತಿರುಚಿಕೊಳ್ಳುತ್ತದೆ, ಸೀಟ್ ಕಿತ್ತು ಬರುತ್ತದೆ.

ಅದಕ್ಕೇ ಮೊದಲು ಪುಟ್ಟ ವಾಲ್ವ್ ತೆಗೆಯುತ್ತಾರೆ. ಅದರ ಮೂಲಕ ನೀರು ನಿಧಾನಕ್ಕೆ ಆಚೆ ಕಡೆಯ ಪೈಪನ್ನು ತುಂಬುತ್ತದೆ, ಗಾಳಿ ಏರ್ ವಾಲ್ವ್‌ಗಳಿಂದ ಹೊರಗೆ ಹೋಗುತ್ತದೆ, ಕೊನೆಗೆ ಎರಡೂ ಕಡೆಯ ಒತ್ತಡ ಸರಿಸಮ ಆಗುತ್ತದೆ. ಆಮೇಲೆ ದೊಡ್ಡ ಚಕ್ರ ತಿರುಗಿಸಿದರೆ ಹಗುರವಾಗಿ ಏಳುತ್ತದೆ.

ನಿಮ್ಮ ಜಿಲ್ಲೆಯದ್ದೇ ಉದಾಹರಣೆ ಬೇಕಾದರೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ ಇದೆ. ಅಲ್ಲಿ ಶುದ್ಧವಾದ ಕಾವೇರಿ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಹಂತದ ಪಂಪಿಂಗ್‌ನಲ್ಲಿ ಸುಮಾರು 100 ಕಿಲೋಮೀಟರ್ ದೂರ, ಹೆಚ್ಚುಕಡಿಮೆ 500 ಮೀಟರ್ ಎತ್ತರ ಏರಿ ಬೆಂಗಳೂರಿಗೆ ಹೋಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಒಂದೇ ದಿನಕ್ಕೆ 77.5 ಕೋಟಿ ಲೀಟರ್‌ನದ್ದು. ಇಷ್ಟು ನೀರು ಪೈಪಿನಲ್ಲಿ ಏರುತ್ತಿರುವಾಗ ಕರೆಂಟ್ ಹೋದರೆ ಏನಾಗಬಹುದು, ಅದನ್ನು ತಡೆಯಲು ಯಾವ ಯಾವ ವಾಲ್ವ್ ಬೇಕು ಅಂತ ನೀವೇ ಒಂದು ಹಾಳೆಯಲ್ಲಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದನ್ನೇ ಇಟ್ಟುಕೊಂಡು ಮಾತಾಡೋಣ.